ಬಿಸಿಗೆ ಹೆದರಿದ ಕೈ

ಆ ಬೆಳಿಗ್ಗೆ ರಾಜ್ಯದ ಸಿಗ್ನಲ್ ಕಂಬಗಳು, ನೀರಿನ ಪಂಪುಗಳು, ಚಾಲಕರಿಲ್ಲದ ಬಸ್ಸುಗಳು, ಆಸ್ಪತ್ರೆಗಳು ಜೋಡಿಸಿದ್ದ ಕೃತಕ ಕೈಕಾಲುಗಳು ಎಲ್ಲವುಗಳ ಒಳಗಿನ ತಂತ್ರಾಂಶ ಒಟ್ಟಿಗೇ ಹೊಸದಾಯಿತು. ಒಂದು ಬಸ್ಸೂ ನಿಲ್ಲಲಿಲ್ಲ, ಒಂದು ನಲ್ಲಿಯೂ ಬತ್ತಲಿಲ್ಲ, ಯಾರಿಗೂ ಏನೂ ಗೊತ್ತಾಗಲಿಲ್ಲ. ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ ಡಾ. ನೀಲಾಂಬಿಕಾ ತೊರಗಲ್ಲ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವಳು ಕಟ್ಟಿದ ‘ಹಸನು’ ಎಂಬ ಸ್ವಯಂಚಾಲಿತ ವ್ಯವಸ್ಥೆ ತನ್ನ ಕೆಲಸ ಮುಗಿಸಿತ್ತು. ಚಿಕ್ಕವಳಿದ್ದಾಗ ಅವ್ವ ಮೊರ ಹಿಡಿದು, ಕಲ್ಲು ಆರಿಸಿ, ಜೋಳ ಹಸನು ಮಾಡುತ್ತಿದ್ದುದನ್ನು ನೆನೆದು ಇಟ್ಟ ಹೆಸರು ಅದು.

ಯಂತ್ರದೊಳಗಿನ ತಂತ್ರಾಂಶವೆಂದರೆ ನೂರಾರು ಪ್ಯಾಕೇಜುಗಳ, ಅಂದರೆ ಬಿಡಿ ಭಾಗಗಳ, ಕೂಡುಕುಟುಂಬ. ಒಂದನ್ನು ಹೊಸದು ಮಾಡಿದರೆ ಅದನ್ನೇ ನೆಚ್ಚಿಕೊಂಡ ಇನ್ನೆರಡು ಮುನಿಸಿಕೊಳ್ಳುತ್ತವೆ. ಹಿಂದೆ ಇಂಜಿನಿಯರುಗಳು ಕಪ್ಪು ಪರದೆಯ ಮುಂದೆ ಕೂತು, ಒಂದೊಂದೇ ಆಜ್ಞೆ ಕೊಟ್ಟು, ಜೀವ ಕೈಯಲ್ಲಿ ಹಿಡಿದುಕೊಂಡು ಈ ಕೆಲಸ ಮಾಡುತ್ತಿದ್ದರು. ಹಸನು ಮೊದಲು ಯಂತ್ರದ ನಕಲನ್ನು ತನ್ನೊಳಗೇ ಕಟ್ಟಿ, ಅದರಲ್ಲಿ ಪರೀಕ್ಷಿಸಿ, ಆಮೇಲೆ ಯಂತ್ರವನ್ನು ನಿಲ್ಲಿಸದೆಯೇ ಹಳೆಯದನ್ನು ತೆಗೆದು ಹೊಸದನ್ನು ಕೂರಿಸುತ್ತಿತ್ತು.

ಅದಕ್ಕೆ ನೀಲಾಂಬಿಕಾ ಕಲಿಸಿದ್ದ ಒಂದು ನಿಯಮದ ಬಗ್ಗೆ ಅವಳಿಗೆ ಬಲು ಹೆಮ್ಮೆ. ಹೊಸ ಆವೃತ್ತಿ ತೊಂದರೆ ಕೊಡುತ್ತದೆ ಅನ್ನಿಸಿದರೆ ಇಂಜಿನಿಯರುಗಳು ಆ ಪ್ಯಾಕೇಜಿಗೆ ‘ತಡೆ’ ಹಾಕುವುದುಂಟು: ಇದನ್ನು ಮುಟ್ಟಬೇಡ ಎಂದು. ಯಾಕೆ ಮುಟ್ಟಬಾರದು ಎನ್ನುವುದನ್ನು ಮಾತ್ರ ಆಮೇಲೆ ಬರೆದರಾಯಿತು ಎಂದು ಬಿಡುತ್ತಿದ್ದರು. ಆ ಆಮೇಲೆ ಬರುತ್ತಲೇ ಇರಲಿಲ್ಲ. ತಡೆಯ ಮರೆಯಲ್ಲಿ ಹಳೆಯ ಬಿರುಕುಗಳು ಉಳಿದು, ಕಳ್ಳರು ಅಲ್ಲಿಂದಲೇ ಒಳಗೆ ನುಗ್ಗುತ್ತಿದ್ದರು. ಆದ್ದರಿಂದ ಕಾರಣ ಬರೆಯದ ತಡೆಗಳನ್ನೆಲ್ಲ ಹಸನು ಮುಲಾಜಿಲ್ಲದೆ ಕಿತ್ತುಹಾಕುತ್ತಿತ್ತು.

ಮಧ್ಯಾಹ್ನ ಅವಳು ಎಂದಿನಂತೆ ಊಟಕ್ಕೆ ಕಾಶವ್ವನ ಖಾನಾವಳಿಗೆ ಹೋದಳು. ‘ಇಲ್ಲಿ ಕೈಯಿಂದ ಬಡಿದ ರೊಟ್ಟಿ ಸಿಗುತ್ತದೆ’ ಎಂಬ ಫಲಕ ಬಾಗಿಲಲ್ಲಿ ತೂಗುತ್ತಿತ್ತು, ಒಳಗೆ ಬೆಂಚುಗಳೆಲ್ಲ ಖಾಲಿ. ಓಣಿಯಲ್ಲಿ ಉಳಿದವರೆಲ್ಲ ರೊಟ್ಟಿ ಯಂತ್ರ ತಂದಿದ್ದರು. ಕಾಶವ್ವನ ಅಂಗಡಿ ನಿಂತಿದ್ದುದೇ ಆ ಫಲಕದ ಮೇಲೆ. ಅರಳೆ ಕಾರ್ಖಾನೆಯಲ್ಲಿ ಬಲಗೈ ಕಳೆದುಕೊಂಡ ಹೆಂಗಸು ಕೃತಕ ಕೈಯಿಂದ ರೊಟ್ಟಿ ಬಡಿದು ಊರನ್ನೇ ಮೆಚ್ಚಿಸಿದ್ದಳು. ಆಸ್ಪತ್ರೆಯಲ್ಲಿ ಆ ಕೈಯನ್ನು ಹೊಂದಿಸಿಕೊಟ್ಟವಳು, ಆಗಿನ್ನೂ ಹೊಸ ಇಂಜಿನಿಯರಾಗಿದ್ದ ನೀಲಾಂಬಿಕಾ.

ಕಾಶವ್ವ ಒಂದು ರೊಟ್ಟಿ ಬಡಿದು ಹಂಚಿನ ಮೇಲೆ ಹಾಕಿದಳು. ಮೇಲೆ ನೀರು ಸವರಲು ಒದ್ದೆ ಬಟ್ಟೆ ಹಿಡಿದು ಹೋದ ಕೈ ಹಂಚಿನ ಹತ್ತಿರ ಬರುತ್ತಲೇ ಗಕ್ಕನೆ ಹಿಂದೆ ಸರಿಯಿತು. ಮತ್ತೆ ಒಯ್ದಳು, ಮತ್ತೆ ಸರಿಯಿತು. ರೊಟ್ಟಿ ಕರಕಲಾಯಿತು.

“ಬೆಂಕಿ ಕಂಡ್ರ ಅಂಜಾಕತ್ತೈತ್ರಿ ಅಕ್ಕಾರ ಇದು,” ಎಂದಳು. “ನಿನ್ನೆ ತನಕಾ ಹಿಂಗಿರಲಿಲ್ಲ.”

ನೀಲಾಂಬಿಕಾಗೆ ತಕ್ಷಣ ಅರ್ಥವಾಯಿತು. ಬಿಸಿ ತಾಗುವ ಮೊದಲೇ ಕೈ ಹಿಂದೆ ಸರಿಯಲಿ ಎಂಬ ಸುರಕ್ಷತೆಯ ಪ್ಯಾಕೇಜು ಅದು, ಒಳ್ಳೆಯ ಉದ್ದೇಶದ್ದೇ. ರೊಟ್ಟಿ ತಿರುವುವವಳಿಗೆ ಇದು ಬೇಡವೆಂದು ವರ್ಷಗಳ ಹಿಂದೆ ತಡೆ ಹಾಕಿದ್ದವಳು ಬೇರೆ ಯಾರೂ ಅಲ್ಲ, ಅವಳೇ. ಅಷ್ಟು ನೆನಪಿರುವುದಿಲ್ಲವೇ ಎಂದುಕೊಂಡು ಕಾರಣ ಬರೆದಿರಲಿಲ್ಲ. ಅವಳದೇ ಹಸನು ಅವಳದೇ ತಡೆಯನ್ನು ಕಲ್ಲೆಂದು ಆರಿಸಿ ಎಸೆದಿತ್ತು. ಇಷ್ಟು ಹೊತ್ತು ತನ್ನ ಬೆನ್ನು ತಾನೇ ತಟ್ಟಿಕೊಂಡದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಮುಚ್ಚಿಡದೆ ಎಲ್ಲವನ್ನೂ ಹೇಳಿದಳು.

ಕಾಶವ್ವ ಬೈಯಲಿಲ್ಲ. ಕರಕಲು ರೊಟ್ಟಿಯನ್ನು ಎಡಗೈಯಿಂದ ತೆಗೆದು ಬದಿಗಿಟ್ಟಳು. “ನೀವು ಮರತ್ರಿ, ಆತು ಬಿಡ್ರಿ. ಆದ್ರ ಕೈ ನಂದಲ್ರೀ? ಬದಲ ಮಾಡೂ ಮುಂದ ನನ್ನ ಒಂದ ಮಾತು ಕೇಳಬಾರದೇನ್ರಿ?”

ನೀಲಾಂಬಿಕಾ ಲ್ಯಾಪ್‌ಟಾಪ್ ತೆರೆದಳು. ಹಳೆಯ ಪ್ಯಾಕೇಜನ್ನೇ ಮರಳಿ ಹಾಕಿದರೆ ಎಲ್ಲಿಯೋ ಕೂತ ಕಿಡಿಗೇಡಿ ಕಾಶವ್ವನ ಕೈಯನ್ನು ಆಡಿಸಬಹುದಾದ ಬಿರುಕೂ ಮರಳುತ್ತಿತ್ತು. ಅವಳು ಅಲ್ಲಿಯೇ ಬೆಂಚಿನ ಮೇಲೆ ಕೂತು, ಬಿಸಿಯ ಹೆದರಿಕೆಯನ್ನು ಬಿರುಕಿನ ರಿಪೇರಿಯಿಂದ ಬೇರ್ಪಡಿಸಿ ಎರಡು ಪ್ಯಾಕೇಜು ಮಾಡಿದಳು. ನಕಲಿನಲ್ಲಿ ಪರೀಕ್ಷಿಸಿ ರಿಪೇರಿಯನ್ನಷ್ಟೇ ಕೂರಿಸುವ ಕೆಲಸ ಹಸನಿನದಾಯಿತು. ಸಂಜೆಗೆ ಹಂಚಿನ ಮೇಲೆ ರೊಟ್ಟಿ ಪೂರಿಯಂತೆ ಉಬ್ಬಿತು.

ಮರುದಿನ ಅವಳು ಪ್ರಯೋಗಾಲಯದ ನಿರ್ದೇಶಕರ ಮುಂದೆ ಹೋಗಿ, ಇನ್ನು ಮೇಲೆ ಹಸನು ಏನನ್ನೇ ಬದಲಿಸುವ ಮೊದಲೂ ಅದನ್ನು ಬಳಸುವವರನ್ನು ಕೇಳಬೇಕು ಎಂದಳು. ಜನರು ಓದುವುದಿಲ್ಲ, ಸುಮ್ಮನೆ ತಲೆನೋವು ಎಂದು ಅವರು ಗೊಣಗಿದರು. ನನ್ನ ಜನ ಓದುತ್ತಾರೆ ಎಂದು ಅವಳು ಪಟ್ಟು ಹಿಡಿದಳು, ಗೆದ್ದಳು.

ಮೊದಲ ಪ್ರಶ್ನೆ ಕಾಶವ್ವನ ಫೋನಿಗೇ ಹೋಯಿತು: ‘ನಿಮ್ಮ ಕೈ ಬಿಸಿ ಕಂಡರೆ ಹಿಂದೆ ಸರಿಯುವಂತೆ ಮಾಡಲೇ?’ ಅವಳು ಅಕ್ಷರ ಅಕ್ಷರ ಕೂಡಿಸಿ ಓದಿ ‘ಬೇಡ’ ಒತ್ತಿದಳು. ಕಾರಣವನ್ನು ಬಾಯಲ್ಲೇ ಹೇಳಿದಳು: ರೊಟ್ಟಿ ತಿರುವಬೇಕು. ಹಸನಿನ ನೆನಪಿನಲ್ಲಿ ದಾಖಲಾದ ಮೊದಲ ಕಾರಣ ಅದೇ.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಖಾನಾವಳಿ ಕಿಕ್ಕಿರಿದಿತ್ತು. ನೀಲಾಂಬಿಕಾ ಬಿಸಿ ರೊಟ್ಟಿಗೆ ಎಣ್ಣೆಗಾಯಿ ಹಚ್ಚಿಕೊಳ್ಳುತ್ತಿದ್ದಾಗ ಅವಳ ಫೋನು ಟಿಣ್ ಎಂದಿತು, ಹಸನಿನದೇ ಪ್ರಶ್ನೆ. ಎಡಗೈಯ ಹೆಬ್ಬೆರಳಿನಿಂದ ‘ಆಗಬಹುದು’ ಎಂಬುದನ್ನು ಒತ್ತಿ ಅದನ್ನು ಬದಿಗಿಟ್ಟಳು.

ಇನ್ನೊಂದು ರೊಟ್ಟಿ ಬಡಿಸಲು ಬಂದಿದ್ದ ಕಾಶವ್ವ ಅದನ್ನು ನೋಡಿದಳು.

“ಏನ ಕೇಳಿತ್ರಿ ಅಕ್ಕಾರ ಅದು?”

ನೀಲಾಂಬಿಕಾ ತುತ್ತನ್ನು ತಾಟಿನಲ್ಲಿಟ್ಟು ಫೋನನ್ನು ಮತ್ತೆ ಎತ್ತಿಕೊಂಡಳು. ಏನು ಕೇಳಿತ್ತು ಎಂದು ಅವಳಿಗೆ ಗೊತ್ತಿರಲಿಲ್ಲ.