ಆವಿಗೆಯ ಬಾಯಲ್ಲಿದ್ದ ಅಂಗೈ

ಆವಿಗೆ ತೆರೆದಾಗ ಒಳಗೆ ಒಂದು ಮಡಕೆಯೂ ನೆಟ್ಟಗಿರಲಿಲ್ಲ. ಇಡೀ ಊರು ಸೇರಿ ಸುಡಲಿಟ್ಟ ಮಡಕೆಗಳು. ಎಲ್ಲವೂ ಸೀಳಿದ್ದವು.

"ಯಾರೋ ಮೊದಲೇ ತೆರೆದಿದ್ದಾರೆ," ಎಂದರು ಆವಿಗೆಯ ಯಜಮಾನರು. "ಬಿಸಿ ಮಡಕೆಗೆ ತಣ್ಣನೆ ಗಾಳಿ ಬಡಿದಿದೆ."

ಆವಿಗೆ ಆರುವವರೆಗೆ ಆ ಬೀದಿಗೆ ಯಾರೂ ಕಾಲಿಡಬಾರದು. ಕುಂಬಾರರ ಆ ಊರಿನ ಕಟ್ಟಳೆ ಅದು. ಕಿಟಕಿಗಳೂ ಮುಚ್ಚಿರುತ್ತವೆ. ಹೊರಗಿನವರಂತೂ ಆ ಕಡೆ ಸುಳಿಯುವುದೇ ಇಲ್ಲ. ಹಾಗಾಗಿ ಕಣ್ಣಾರೆ ಕಂಡವರು ಯಾರೂ ಇರಲಿಲ್ಲ.

ಆವಿಗೆಯ ಬಾಯಿ ಮುಚ್ಚಲು ಮೆತ್ತಿ, ತೆರೆಯುವಾಗ ಕಿತ್ತ ಮಣ್ಣಿನಲ್ಲಿ ಹೊಸ ತೇಪೆಯೊಂದು ಇಡಿಯಾಗಿ ಸಿಕ್ಕಿತು. ಒಣಗಿದ ತೇಪೆಯ ಮೇಲೆ ಒಂದು ಅಂಗೈ ಗುರುತು.

ಯಜಮಾನರು ತಮ್ಮ ತಂಗಿಯ ಮಗಳ ಕೈ ಎಳೆದು ಅದರ ಮೇಲಿಟ್ಟರು. ಬೆರಳಿಗೆ ಬೆರಳು ಕೂತಿತು.

ಹುಡುಗಿಗೆ ಹದಿನಾರು ವರ್ಷ. ಹೋದ ವರ್ಷ ಅವಳು ಆರಿಸಲು ಮರೆತ ಕೆಂಡದಿಂದ ಅಜ್ಜಿಯೊಬ್ಬಳ ಸೌದೆ ಕೊಟ್ಟಿಗೆ ಬೂದಿಯಾಗಿತ್ತು.

"ಇವಳನ್ನ ಊರು ಬಿಡಿಸಿ," ಎಂದಳು ಆ ಅಜ್ಜಿ. "ಇಲ್ಲಾಂದ್ರೆ ಮುಂದಿನ ಸಲ ನನ್ನನ್ನೇ ಸುಡ್ತಾಳೆ."

* * *

ದೂರು ಕೇಳಿ ಬಂದ ಇನ್ಸ್‌ಪೆಕ್ಟರ್ ಮೇಡಂ ಹುಡುಗಿಯನ್ನು ಮಣ್ಣು ಕಲಸುವ ಕೋಣೆಗೆ ಕರೆದೊಯ್ದರು.

"ನೀನೇ ತೆರೆದದ್ದಾ?"

"ಇಲ್ಲ ಮೇಡಂ."

"ಮತ್ತೆ ಅಲ್ಲಿ ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?"

"ಹೋದ ಸಲ ನಿಜವಾಗ್ಲೂ ನಾನೇ ಮಾಡಿದ್ದು. ಈ ಸಲ ನಾನಲ್ಲ ಅಂದ್ರೆ ಯಾರು ನಂಬ್ತಾರೆ?"

"ನಂಬೋದು ಆಮೇಲೆ. ಗುರುತು ನಿನ್ನ ಕೈಯಷ್ಟೇ ಇದೆಯಲ್ಲ?"

ಹುಡುಗಿ ಅಂಗೈ ನೋಡಿಕೊಂಡಳು. ತಟ್ಟನೆ ಎದ್ದು ನಿಂತಳು.

"ಮೇಡಂ, ನನ್ನ ಕೈಯಷ್ಟೇ ಇರಬಾರದು! ಹಸಿಮಣ್ಣು ಒಣಗಿದ್ರೆ ಕುಗ್ಗುತ್ತೆ. ಅದಕ್ಕೇ ನಾವು ಮಡಕೇನ ಬೇಕಾದ್ದಕ್ಕಿಂತ ದೊಡ್ಡದಾಗಿ ಮಾಡೋದು. ನಾನು ಒತ್ತಿದ್ರೆ ಗುರುತು ಈಗ ನನ್ನ ಕೈಗಿಂತ ಚಿಕ್ಕದಾಗಿರಬೇಕಿತ್ತು."

* * *

ಅದೇ ಬಗೆಯ ಹಸಿಮಣ್ಣಿನಿಂದ ತಟ್ಟಿದ ಬಿಲ್ಲೆಗಳ ಮೇಲೆ ಊರಿನವರೆಲ್ಲ ಸಾಲಾಗಿ ಕೈ ಒತ್ತಿದರು. ಬಿಲ್ಲೆಗಳು ಒಲೆಯ ಬಳಿ ಒಣಗಿದವು. ಹುಡುಗಿಯದು ಕುಗ್ಗಿ ಆ ಗುರುತಿಗಿಂತ ಚಿಕ್ಕದಾಯಿತು. ಅಜ್ಜಿಯದು ಮಗುವಿನ ಕೈಯಷ್ಟಾಯಿತು.

"ನನ್ನ ಮೇಲೂ ಅನುಮಾನವಾ?"

"ನಿಮಗೆ ಹಗೆ ಇತ್ತಲ್ಲ ಅಜ್ಜಿ," ಎಂದರು ಮೇಡಂ.

"ಇತ್ತು. ಅದಕ್ಕೆ ನನ್ನ ಮಡಕೆಗಳನ್ನೂ ಒಡ್ಕೋತೀನಾ?"

ಯಜಮಾನರು ಮಾತ್ರ ಹಿಂದೆ ನಿಂತಿದ್ದರು. "ನನ್ನದು ಯಾಕೆ?"

"ಕೈ ಕೊಡಿ ಮಾವ," ಎಂದಳು ಹುಡುಗಿ.

ಅವರ ಬಿಲ್ಲೆ ಒಣಗಿತು. ಗುರುತಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

"ಉಳಿದವರು ಸಿಟ್ಟಿನಲ್ಲಿ ಮಣ್ಣಿನ ಗುಣ ಮರೆತರು," ಎಂದರು ಮೇಡಂ. "ನೀವು ಮರೆತಿರಲಿಲ್ಲ. ನಿಮ್ಮ ಗುರುತು ಕುಗ್ಗಿ ಇವಳ ಕೈಯಷ್ಟಾಗಿರೋದು ಕಂಡ ಕೂಡಲೇ ಇವಳನ್ನ ಎಳೆದು ತಂದ್ರಿ."

ಯಜಮಾನರು ಆ ಬಿಲ್ಲೆಯನ್ನು ಬೋರಲು ಹಾಕಿದರು. "ಬೆಂಕಿ ಸಾಲಲಿಲ್ಲವೇನೋ ಅನ್ನಿಸ್ತು. ಒಂಚೂರು ತೆರೆದು ಇಣುಕಿದೆ. ಒಳಗೆ ಟಣ್ ಟಣ್ ಅಂತ ಸೀಳೋಕೆ ಶುರುವಾಯ್ತು. ಗಾಬರಿಯಾಗಿ ಮತ್ತೆ ಮೆತ್ತಿದೆ. ಆರುವ ಮೊದಲೇ ತೆರೆದವನು ಮತ್ತೆಂದೂ ಆವಿಗೆ ಮುಟ್ಟುವಂತಿಲ್ಲ ಅನ್ನೋದು ಕಟ್ಟಳೆ. ನಾನೇನು ಮಾಡಬೇಕಿತ್ತು?"

"ನನ್ನನ್ನ ಕೇಳಬಹುದಿತ್ತು ಮಾವ. ತಪ್ಪು ಒಪ್ಪಿಕೊಂಡು ಇದೇ ಊರಲ್ಲಿ ಬದುಕೋದು ಹೇಗೆ ಅಂತ ನನಗೆ ಗೊತ್ತಿತ್ತು."

ಗುಂಪಿನಲ್ಲೊಬ್ಬ ಕೇಳಿದ: "ಮುಂದಿನ ಆವಿಗೆಗೆ ಬೆಂಕಿ ನೋಡೋರು ಯಾರು?"

"ಇವಳೇ," ಎಂದಳು ಅಜ್ಜಿ.

ಎಲ್ಲರೂ ಅವಳತ್ತ ತಿರುಗಿದರು.

"ಏನು ನೋಡ್ತೀರಾ? ನಾನೂ ಪಕ್ಕದಲ್ಲೇ ಕೂತಿರ್ತೀನಿ." ಅಜ್ಜಿ ಹುಡುಗಿಯ ಭುಜ ಹಿಡಿದಳು. "ನಂಬಿಕೆ ಇಲ್ಲ ಅಂತಲ್ಲ ಕಣೇ. ಬೆಚ್ಚಗಿರುತ್ತಲ್ಲ, ಅದಕ್ಕೆ."