ಎಡಗಡೆಯ ಹೂ

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಶಶಿರೇಖಾ ಮಾದೇಶನ ಎದುರು ನಾಲ್ಕು ಮಾರು ದೂರದಲ್ಲಿ ಹಾದುಹೋದಳು. ನೋಡಲಿಲ್ಲ, ನಗಲಿಲ್ಲ. ಕಪ್ಪು ಕನ್ನಡಕ, ಸುಟ್ಟು ಸಿಪ್ಪೆ ಎದ್ದ ಮೂಗು. ನೇಪಾಳ ನೋಡಿಬಂದವಳಿಗೆ ರೇಷ್ಮೆಗೂಡಿನ ಮಾರ್ಕೆಟ್ಟಿನ ಗುಮಾಸ್ತ ಯಾಕೆ ಕಾಣುತ್ತಾನೆ ಎಂದುಕೊಂಡ.

ಸ್ವಲ್ಪ ಮುಂದೆ ಹೋದವಳು ತಿರುಗಿ ಹತ್ತಿರ ಬಂದಳು.

"ಮಾದೇಶಾ? ಕೂಗೋದಲ್ವೇನೋ? ಹಿಮದ ಮೇಲಿನ ಬಿಸಿಲಿಗೆ ಕಣ್ಣು ಕೆಟ್ಟು ಕೂತಿವೆ. ದೂರ ಇರೋದು ಮನುಷ್ಯನಾ ಕಂಬವಾ ಗೊತ್ತಾಗಲ್ಲ."

"ಕಂಬಾನೇ ಅನ್ಕೊ."

"ಕಂಬ ಇಷ್ಟು ಬೇಗ ಮುನಿಸ್ಕೊಳಲ್ಲ."

ಇಬ್ಬರೂ ಚಾಮರಾಜನಗರದ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಅವಳೀಗ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮೈಸೂರಿನ ಒಂದು ತಂಡದ ಜೊತೆ ಹಿಮದ ಬೆಟ್ಟ ಹತ್ತಲು ನೇಪಾಳಕ್ಕೆ ಹೋಗಿದ್ದಳು. ಅವಳಪ್ಪ ವೃಷಭೇಂದ್ರಪ್ಪ ಅರಿಸಿನದ ವ್ಯಾಪಾರಿ, ಲಿಂಗಾಯತರು. ಮಾದೇಶನದು ಭೀಮನಬೀಡಿನ ಕೊನೆಯ ಕೇರಿ. ಇಷ್ಟು ಹೇಳಿದರೆ ಉಳಿದದ್ದು ಈ ಕಡೆಯವರಿಗೆ ಅರ್ಥವಾಗುತ್ತದೆ.

ಹೋಗುವ ಮುಂಚೆ ಅವಳು ಕೇಳಿದ್ದಳು, ಬಂದಮೇಲೆ ರಿಜಿಸ್ಟರ್ ಮದುವೆ ಆಗೋಣವಾ ಎಂದು. "ಬಾ, ಹೇಳ್ತೀನಿ" ಅಂದಿದ್ದ. ಈಗ ಬಂದಿದ್ದಾಳೆ. ಭಾನುವಾರ ಅವಳನ್ನು ನೋಡಲು ಗಂಡಿನವರೂ ಬರುತ್ತಾರೆ.

"ಏನು ತೀರ್ಮಾನ ಮಾಡ್ದೆ?"

"ನಮ್ಮ ಮಾರಮ್ಮನ್ನ ಕೇಳನ."

ಕನ್ನಡಕದ ಹಿಂದೆ ಅವಳು ನಕ್ಕಳೋ ದಿಟ್ಟಿಸಿದಳೋ ತಿಳಿಯಲಿಲ್ಲ. "ನಡಿ" ಅಂದಳು.

ಭೀಮನಬೀಡಿನ ದಾರಿಯಲ್ಲಿ, ಬೇಲಿಯ ಮಗ್ಗುಲಿಗೆ ಮಾರಮ್ಮನ ಪುಟ್ಟ ಗುಡಿ. ಕೇಳುವವರೇ ಬಲಕ್ಕೊಂದು ಎಡಕ್ಕೊಂದು ಹೂವನ್ನು ನೀರಿನಲ್ಲಿ ಅದ್ದಿ ಕೊಡಬೇಕು. ಪೂಜಾರಿ ಸಿದ್ದಯ್ಯ ಅದನ್ನು ಅಮ್ಮನ ಎರಡು ಭುಜಕ್ಕೂ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು.

"ಏನ್ ಕೇಳ್ಬೇಕ್ಲಾ ಮಾದೇಸ?"

"ಒಂದು ಕೆಲ್ಸ. ಆಯ್ತದಾ ಅಂತ."

ಸಿದ್ದಯ್ಯ ಶಶಿಯನ್ನೊಮ್ಮೆ ನೋಡಿದ. "ಕೆಲ್ಸ ಕನ್ನಡ್ಕ ಆಕಂಡು ಬಂದದೆ ಬುಡು."

ಮಾದೇಶ ಎರಡು ಕಣಗಿಲೆ ಹೂ ಕೊಟ್ಟು ಕೈಮುಗಿದು ನಿಂತ. ದಾರಿಯಲ್ಲಿ ಯಾರೋ ಕೆಮ್ಮಿದರೂ ತಿರುಗಿ ನೋಡುತ್ತಿದ್ದ. ಇಂಥದ್ದೇ ವಿಷಯಕ್ಕೆ ಪಕ್ಕದೂರಿನ ಹುಡುಗನೊಬ್ಬನ ಕಾಲು ಮುರಿದಿದ್ದರು. ಅವನು ಈಗಲೂ ಕುಂಟುತ್ತಾನೆ.

ಎಡಗಡೆಯ ಹೂ ಬಿತ್ತು.

ಸಿದ್ದಯ್ಯ ಹೊರಗೆ ಹೋದ. ಮಾದೇಶ ಉಸಿರು ಬಿಟ್ಟ.

"ಸಮಾಧಾನ ಆಯ್ತಾ?" ಶಶಿ ಕೇಳಿದಳು.

"ಏನ್ ಮಾತು ಅಂತ ಆಡೀಯೆ. ಅಮ್ಮನೇ ಬ್ಯಾಡ ಅಂದ್ಮೇಲೆ..."

"ಅಮ್ಮ ಅನ್ನಲಿಲ್ಲ. ಬಲಗಡೇದನ್ನ ನೀನು ಚೊಂಬಲ್ಲಿ ಮುಳುಗಿಸಿ ಕೊಟ್ಟೆ. ಎಡಗಡೇದಕ್ಕೆ ನೀರೇ ಸೋಕಿಸ್ಲಿಲ್ಲ. ಒಣ ಹೂ ಎಷ್ಟೊತ್ತು ನಿಲ್ತದೆ?"

"ಕಣ್ಣು ಕಾಣಲ್ಲ ಅಂದ್ಯಲ್ಲ."

"ಹತ್ರದ್ದು ಕಾಣ್ತದೆ."

ಬೇಕೆಂದೇ ಮಾಡಿದನೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಬೆರಳಿಗೆ ಗೊತ್ತಿತ್ತು.

ಅವಳು ಬೈಯಲಿಲ್ಲ. ಜಗುಲಿಯ ಮೇಲೆ ಕೂತು ಕನ್ನಡಕ ತೆಗೆದಳು. ಕೆಂಪಾದ, ನೀರೂರುವ ಕಣ್ಣುಗಳು ನೇರ ಅವನ ಮುಖದ ಮೇಲಿದ್ದವು. ಆ ನೋಟದ ಎದುರು ನಿಲ್ಲಲು ನಾಚಿಕೆ, ಬಿಟ್ಟುಹೋಗಲು ಮನಸ್ಸಿಲ್ಲ.

"ಹಿಮದ ಬೆಟ್ಟದಲ್ಲಿ ನಾನೂ ಇದನ್ನೇ ಮಾಡ್ದೆ. ಎಲ್ಲರೂ ಸೊಂಟಕ್ಕೆ ಒಂದೇ ಹಗ್ಗ ಕಟ್ಕೊಂಡು ನಡೀತಿದ್ವಿ. ನನ್ನ ಕಾಲು ಮರಗಟ್ಟಿತ್ತು. ಮುಂದೆ ದಾರಿ ತೋರಿಸ್ತಿದ್ದ ಶೆರ್ಪಾ ಸರಿ ಇದೀಯಾ ಅಂತ ಕೇಳ್ತಾನೇ ಇದ್ದ. ಸರಿ ಇದೀನಿ ಅಂದೆ. ಹುಡುಗಿ ಹೆದರಿದ್ಲು ಅನ್ನಿಸ್ಕೋಬಾರದು ನೋಡು. ಆಮೇಲೆ ಜಾರ್ದೆ. ಹಿಂದಿದ್ದವಳನ್ನೂ ಎಳ್ಕೊಂಡೇ ಹೋದೆ. ಅವನು ಹಿಮಕ್ಕೆ ಕೊಡಲಿ ಊರಿ ತಡೆದ, ಬದುಕಿದ್ವಿ."

"ಬೈದ್ನಾ?"

"ಇಲ್ಲ. ಬಿಸಿನೀರು ಕುಡಿಸ್ದ. ಹೆದರಿಕೆ ಅಂತ ಹೇಳಿದ್ರೆ ನಿಲ್ತಿದ್ವಲ್ಲ ಅಂದ. ಅಷ್ಟು ದೂರ ಹೋಗಿ ಕಲಿತದ್ದು ಅಷ್ಟೇ ಕಣೋ." ಅವಳೇ ಕೇಳಿದಳು, "ಈಗ ಹೇಳು. ನಾನು ಬೇಡ್ವಾ, ಇಲ್ಲ ಹೆದರಿಕೆನಾ? ಬೇಡ ಅಂದ್ರೆ ಭಾನುವಾರ ಸೀರೆ ಉಟ್ಕೊಂಡು ಕಾಫಿ ತಟ್ಟೆ ಹಿಡೀತೀನಿ."

"ಹೆದ್ರಿಕೆ ಕಣಮ್ಮಿ." ಮಾದೇಶ ಅವಳ ಎದುರು ನೆಲದ ಮೇಲೆ ಕೂತ. "ನಿಮ್ಮಣ್ಣ ಹೊಡೀತಾನೆ ಅಂತ ಅದೆ. ಅದು ಸಣ್ಣದು. ನಿನ್ನ ಕೂಡಾಕ್ಬುಟ್ಟು ಯಾವನಿಗೋ ಧಾರೆ ಎರೀತಿರ್ತಾರೆ, ನಾನು ಗೂಡು ತೂಗ್ತಾ ಕುಂತಿರ್ತೀನಿ. ಎದ್ದು ಬರಲ್ಲ. ನನ್ನ ಕಂಡ್ರೇ ನಂಗೆ ಹೆದ್ರಿಕೆ. ನೀ ಬ್ಯಾಡ ಅಂತ ಒಂದಿನಾನೂ ಅನ್ಸಿಲ್ಲ."

ಅವಳ ಕಿವಿ ಕೆಂಪಾಯಿತು. "ಇಷ್ಟು ಹೇಳೋಕೆ ಮಾರಮ್ಮನ್ನ ಯಾಕೆ ಎಬ್ಬಿಸ್ದೆ?" ಎಂದು ನಕ್ಕು, ಕಣ್ಣೊರೆಸಿಕೊಂಡಳು. "ಅಪ್ಪನ್ನ ನೆನೆಸ್ಕೊಂಡ್ರೆ ನಂಗೂ ಹೆದರಿಕೆನೇ. ಏಳು, ಚಾಮರಾಜನಗರಕ್ಕೆ ಹೋಗನ. ಇವತ್ತೇ ರಿಜಿಸ್ಟರ್ ಮದುವೆಗೆ ಅರ್ಜಿ ಕೊಡನ."

ಗುಂಡ್ಲುಪೇಟೆಗೆ ವಾಪಸು ಬಂದು ಚಾಮರಾಜನಗರದ ಬಸ್ಸು ಹತ್ತಿ, ಮೊದಲ ಸಲ ಅಕ್ಕಪಕ್ಕ ಕೂತರು. ತೆರಕಣಾಂಬಿಯಲ್ಲಿ ಅವಳ ದೊಡ್ಡಪ್ಪ ಶಂಭುಲಿಂಗಪ್ಪ ಹತ್ತಿದರು. ಇಬ್ಬರನ್ನೂ ಕಂಡು ಅಲ್ಲೇ ಕಂಬಿ ಹಿಡಿದು ನಿಂತರು.

ಮಾದೇಶ ಅರ್ಧ ಎದ್ದೇಬಿಟ್ಟ.

"ಏನಾಗ್ತಿದೆ ಹೇಳು," ಶಶಿ ಪಿಸುಗುಟ್ಟಿದಳು.

"ಕಾಲು ನಡುಗ್ತಾ ಅವೆ."

"ನಂದೂ. ಕೂತ್ಕೊ."

ಕೂತ.

"ಯಾರವ್ವ ಇವನು?" ಶಂಭುಲಿಂಗಪ್ಪ ಕೇಳಿದರು.

ಅವಳು ಬಾಯಿ ತೆರೆಯುವ ಮುಂಚೆಯೇ ಮಾದೇಶ ಹೇಳಿದ. "ಭೀಮನಬೀಡಿನ ಮಾದಣ್ಣನ ಮಗ ಸಾರ್. ಶಶಿನ ಮದ್ವೆ ಆಗೋನು."

ಶಂಭುಲಿಂಗಪ್ಪ ಬಸ್ಸು ನಿಲ್ಲಿಸಿ ಇಳಿದು, ಎಸ್‌ಟಿಡಿ ಬೂತಿನ ಕಡೆ ಬಿರಬಿರನೆ ನಡೆದರು.

"ಅಣ್ಣನಿಗೆ ಫೋನು," ಅಂದಳು ಶಶಿ.

"ಅವ್ನು ನಮಗಿಂತ ಮುಂಚೆ ಅಲ್ಲಿಗೆ ಬಂದ್ಬುಟ್ರೆ?"

"ಬರಬಹುದು."

ಅವಳ ಕೈ ಅವನ ಕೈಯನ್ನು ಹುಡುಕಿ ಹಿಡಿಯಿತು. ಎರಡೂ ಬೆವರಿ ತಣ್ಣಗಿದ್ದವು. ಬಸ್ಸು ಹೊರಟಿತು. ಇಬ್ಬರೂ ಬಿಡಲಿಲ್ಲ.