ದೇವರಿಗೆ ಕಮ್ಮಿ ಬಿದ್ದ ತೂಕ

"ಪೇಷೆಂಟ್ ಎಲ್ಲಿದ್ದಾರೆ?"

ಎರಡನೇ ಮಹಡಿಗೆ ಆಕ್ಸಿಜನ್ ಸಿಲಿಂಡರ್ ಹೊತ್ತು ತಂದಿದ್ದ ಮುನೀಂದ್ರ, ಬಾಗಿಲು ತೆರೆದವಳನ್ನು ದಾಟಿ ಒಳಗೆ ಇಣುಕಿದ.

"ನಾನೇ."

"ನೀವಾ? ಗುಂಡುಗುಂಡಾಗಿ ಚೆನ್ನಾಗೇ ಇದ್ದೀರಲ್ಲ."

ರಾಧಾಮಣಿಗೆ ಮೈಯೆಲ್ಲ ಉರಿದುಹೋಯಿತು. ಬೈಯೋಣವೆಂದರೆ ಅಷ್ಟು ಉಸಿರೂ ಇರಲಿಲ್ಲ. ಗೋಡೆ ಹಿಡಿದು ನಿಂತು ಒಂದೊಂದೇ ಮಾತು ಹೊರಗೆ ಹಾಕಿದಳು.

"ಸಣ್ಣಗಿರೋರಿಗೆ ಮಾತ್ರ... ಕಾಯಿಲೆ ಬರ್ಬೇಕು ಅಂತ... ಕಾನೂನಿದ್ಯಾ?"

ಅವನು ತಲೆತಗ್ಗಿಸಿ ಸಿಲಿಂಡರ್ ಇಳಿಸಿದ.

ಆ ಒಂದು ಮಾತಿಗೇ ಇಷ್ಟು ಸಿಟ್ಟೇ ಎನ್ನಬೇಡಿ. ಚಿಕ್ಕಬಾಣಾವರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹುಡುಗಿ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ಶೆಟ್ಟಿಹಳ್ಳಿಯ ಕ್ಲಿನಿಕ್ಕಿಗೆ ಎರಡು ವರ್ಷ ಅಲೆದಳು. "ತೂಕ ಇಳಿಸಮ್ಮ, ಎಲ್ಲಾ ಸರಿಹೋಗುತ್ತೆ" ಎಂದರೇ ಹೊರತು ಆ ಡಾಕ್ಟರು ಒಮ್ಮೆಯೂ ಎದೆಯ ಫೋಟೋ ತೆಗೆಸಲಿಲ್ಲ. ತೆಗೆಸುವ ಹೊತ್ತಿಗೆ ಶ್ವಾಸಕೋಶ ಒಣಗಿದ ಚರ್ಮದಂತೆ ಗಟ್ಟಿಯಾಗಿತ್ತು. ಅದಕ್ಕೆ ಕೊಟ್ಟ ಸ್ಟೀರಾಯ್ಡ್ ಮಾತ್ರೆ ಅವಳನ್ನು ಇನ್ನಷ್ಟು ಊದಿಸಿತು. ಆಮೇಲೆ ನೆಂಟರಿಂದ ಆಳಿಗೊಂದು ಕಲ್ಲು: "ತಿಂದೂ ತಿಂದೂ ಹಿಂಗಾಗಿದ್ದಾಳೆ."

ಇದೆಂಥ ನ್ಯಾಯ ಹೇಳಿ! ಕಾಯಿಲೆ ಬಂದವಳೇ ತಪ್ಪಿತಸ್ಥಳು.

ಉಳಿದಿದ್ದ ದಾರಿ ಒಂದೇ, ಶ್ವಾಸಕೋಶ ಕಸಿ. ಅಲ್ಲೂ ತೂಕವೇ ಅಡ್ಡ ಬಂತು. ಆದರೆ ಹೆಬ್ಬಾಳದ ಆಸ್ಪತ್ರೆಯ ಡಾಕ್ಟರ್ ಜಹೀರಾ ಬೈಯಲಿಲ್ಲ, ಬಿಡಿಸಿ ಹೇಳಿದರು.

"ಇದು ಅಂದ ಚಂದದ ಮಾತಲ್ಲ ರಾಧಾಮಣಿ. ಮೈಯಲ್ಲಿ ಹೆಚ್ಚಾಗಿರೋ ಕೊಬ್ಬು ಸುಮ್ನೆ ಕೂರಲ್ಲ. ಒಳಗೊಳಗೇ ಸಣ್ಣ ಉರಿ ಎಬ್ಬಿಸ್ತಾ ಇರುತ್ತೆ. ರೋಗದಿಂದ ಕಾಯಬೇಕಾದ ಜೀವಕೋಶಗಳು ಮೊದಲೇ ಕೆರಳಿರ್ತವೆ. ಅಂಥಾ ಮೈಯೊಳಗೆ ಹೊಸ ಶ್ವಾಸಕೋಶ ಇಟ್ರೆ ಮೊದಲ ದಿನಗಳಲ್ಲೇ ಅದು ಕೆಡೋ ಅಪಾಯ ಜಾಸ್ತಿ. ಸ್ವಲ್ಪ ಇಳಿಸಿ. ಕಸಿಗೆ ಕಾಯೋರ ಪಟ್ಟಿಗೆ ನಾನೇ ಹೆಸರು ಹಾಕ್ತೀನಿ."

ದಿನಾ ನಡೆಯಬೇಕು ಎಂದರು. ಸಿಲಿಂಡರ್ ಹೊತ್ತು ನಡೆಯುವುದು ಹೇಗೆ?

ಮುಂದಿನ ವಾರ ಮುನೀಂದ್ರ ಚಕ್ರದ ಗಾಡಿಯೊಂದನ್ನು ಮಾಡಿಸಿ ತಂದ. "ಅವತ್ತು ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಸಾರಿ ಕಣ್ರೀ. ನಾನ್ ಎಳೀತೀನಿ, ನೀವು ನಡೀರಿ."

ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಬೆಳಗಿನ ನಡಿಗೆ ಶುರುವಾಯಿತು. ಪಕ್ಕದ ಮನೆಯವರು ಗೇಟಿಗೆ ಬಂದು ನಗುತ್ತಿದ್ದರೆ ಅವನು ನಿಂತು, "ಬನ್ನಿ ಅಂಕಲ್, ಮೂಗು ಮುಚ್ಕೊಂಡು ನೀವೂ ಒಂದ್ ರೌಂಡ್ ನಡೀರಿ ನೋಡೋಣ" ಎನ್ನುತ್ತಿದ್ದ. ಅವಳಿಗೆ ನಗು ಬಂದರೆ ಕೆಮ್ಮೂ ಬರುತ್ತಿತ್ತು. ಆದರೂ ಅವನು ಬರುವ ಹೊತ್ತಿಗೆ ತಲೆ ಬಾಚಿಕೊಂಡು ಕಾಯತೊಡಗಿದಳು.

'ನನಗ್ಯಾಕೆ ಇದೆಲ್ಲ... ನಾಳೆ ಇರ್ತೀನೋ ಇಲ್ವೋ...'

ಇಷ್ಟು ನಡೆದರೂ ತೂಕ ಏರಿತು!

"ಮನೇಲಿ ತುಪ್ಪ ಜಾಸ್ತಿಯಾಗ್ತಿದೆಯಂತೆ. ನಿಮ್ಮ ಜೊತೆ ಬರೋ ಹುಡುಗ ಹೇಳಿದ್ರು," ಎಂದರು ಡಾಕ್ಟರ್.

ಆಸ್ಪತ್ರೆಯ ಹೊರಗೆ ಅವಳು ಅವನನ್ನು ತಡೆದು ನಿಲ್ಲಿಸಿದಳು.

"ನಾನು ಕದ್ದು ತಿನ್ತೀನಿ ಅಂತ ಚಾಡಿ ಹೇಳಿದ್ರಾ?"

"ನೀವು ತಿನ್ತೀರಿ ಅಂತ ನಾನ್ ಹೇಳಿಲ್ಲ."

"ಮತ್ಯಾರು?"

ಅವನು ಬಗ್ಗಿ ಗಾಡಿಯ ಚಕ್ರ ನೋಡತೊಡಗಿದ.

"ನೀವೂ ಎಲ್ಲರ ಹಾಗೇ. ನಾಳೆಯಿಂದ ಸಿಲಿಂಡರ್ ಬೇರೆಯವ್ರ ಕೈಲಿ ಕಳಿಸಿ."

ಮರುದಿನದಿಂದ ಬೇರೆಯವರೇ ಬಂದರು. ರಾಧಾಮಣಿ ಮನೆಯಲ್ಲಿ ಊಟವನ್ನೇ ಬಿಟ್ಟಳು. ಮೂರನೇ ಹೊತ್ತೂ ತಟ್ಟೆ ದೂಡಿದಾಗ ತಾಯಿ ಮುನಿವೆಂಕಟಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಸಿದು ಕೂತರು.

"ತಪ್ಪು ನಂದೇ ಕಣವ್ವ. ಮುದ್ದೆ ತೊಳಸೋವಾಗ್ಲೇ ತುಪ್ಪ ಉಯ್ತಿದ್ದೆ. ನೀನು ಉಸಿರಾಡೋ ಅಂಗಾದ್ರೆ ನಿನ್ ತೂಕದಷ್ಟು ಬೆಲ್ಲ ಕೊಡ್ತೀನಿ ಅಂತ ಮುನೇಶ್ವರಂಗೆ ಅರಕೆ ಒತ್ತಿದ್ದೆ. ನೀನು ಇಳ್ಕೊಂಡ್ರೆ ದ್ಯಾವ್ರಿಗೆ ಕಮ್ಮಿ ಬೀಳ್ತದೆ, ಮುನಿಸ್ಕೊಂತಾನೆ ಅಂದ್ರು ಎಲ್ರೂ. ಆ ಉಡುಗ ನೋಡ್ಬಿಟ್ಟ. ಮಗಳಿಗೆ ಏಳ್ಬೇಡ ಅಂತ ಕೈ ಮುಗ್ದಿದ್ದೆ."

ರಾಧಾಮಣಿಗೆ ಕೂಗಾಡಬೇಕೆನಿಸಿತು. ಯಾರ ಮೇಲೆ ಕೂಗುವುದು? ಕ್ಲಿನಿಕ್ಕಿನವನಿಗೂ ಅವಳ ತೂಕ ಬೇಕು, ನೆಂಟರಿಗೂ ಬೇಕು, ಈಗ ದೇವರಿಗೂ ಬೇಕಂತೆ. ಅವಳ ಉಸಿರು ಯಾರಿಗೂ ಬೇಡವೇ?

ಬೇಕಾಗಿದ್ದವನೊಬ್ಬನಿದ್ದ. ಅವನನ್ನೇ ಅವಳು ಓಡಿಸಿದ್ದಳು. ಫೋನ್ ತೆಗೆದಳು. "ಬೆಳಗ್ಗೆ ಬರ್ತೀರಾ?" ಎಂದಷ್ಟೇ ಕೇಳಿದಳು.

"ಬರ್ತೀನಿ," ಎಂದ.

ಕೆಲವು ತಿಂಗಳು ಕಳೆದು, ೨೦೧೮ರ ಬೇಸಿಗೆಯಲ್ಲಿ ಅವಳ ಹೆಸರು ಪಟ್ಟಿಗೆ ಏರಿತು. ಆಪರೇಷನ್ನಿಗೆ ಮೊದಲೇ ಹರಕೆ ತೀರಿಸದೆ ಮುನಿವೆಂಕಟಮ್ಮನಿಗೆ ನಿದ್ದೆಯಿಲ್ಲ. ಗುಡಿಯಲ್ಲಿ ತಕ್ಕಡಿಯ ಒಂದು ಕಡೆ ಹರಕೆ ಹೊತ್ತ ದಿನದ ತೂಕದಷ್ಟೂ ಬೆಲ್ಲ, ಇನ್ನೊಂದು ಕಡೆ ಮೂಗಿಗೆ ನಳಿಗೆ ಹಾಕಿಕೊಂಡ ರಾಧಾಮಣಿ. ಅವಳ ತಟ್ಟೆ ಮೇಲೇ ನಿಂತಿತು. "ಕಮ್ಮಿ ಬಿತ್ತು," ಎಂದು ನೆಂಟರು ಗೊಣಗಿದರು. ತಾಯಿಯ ಕಣ್ಣು ತುಂಬಿತು.

ಮುನೀಂದ್ರ ಚಪ್ಪಲಿ ಬಿಟ್ಟು ಬಂದು ಅವಳ ಪಕ್ಕ ಹತ್ತಿ ಕೂತ. ತಟ್ಟೆ ಧೊಪ್ಪನೆ ಇಳಿಯಿತು.

"ಏನಪ್ಪಾ ಇದು, ಈಗ ಬೆಲ್ಲ ಸಾಲ್ದಲ್ಲ?" ಪೂಜಾರಿ ಕಕ್ಕಾಬಿಕ್ಕಿಯಾದ.

"ಸಾಲ್ದೇ ಇರೋದನ್ನ ಅಳಿಯನ ಕಡೆಯಿಂದ ಅಂತ ಬರ್ಕೊಳ್ಳಿ."

ರಾಧಾಮಣಿಯ ಕಿವಿ ಕೆಂಪಾಯಿತು.

"ನನ್ನ ಕೇಳ್ದೇನಾ?"

"ಕೇಳೋಕೇ ಹತ್ತಿದ್ದು."

"ಯೋಚನೆ ಮಾಡಿದ್ದೀರಾ? ಶ್ವಾಸಕೋಶ ಸಿಗ್ದೇ ಹೋಗ್ಬಹುದು. ಸಿಕ್ರೂ ಮೈ ಅದನ್ನ ಒಪ್ದೇ ಇರ್ಬಹುದು. ಒಪ್ಪಿದ್ರೂ... ಆ ಮಾತ್ರೆಗಳಿಗೆ ನಾನು ಮತ್ತೆ ದಪ್ಪ ಆಗ್ತೀನಿ."

"ಗೊತ್ತು."

"ಜನ ನಗ್ತಾರೆ."

"ನಗ್ಲಿ. ನೀನು ಉಸಿರಾಡು, ಅಷ್ಟೇ ಸಾಕು ನಂಗೆ."

ಅವಳು ಅಳುತ್ತಲೇ ಅವನ ಕೈ ಹಿಡಿದುಕೊಂಡಳು.

"ಇಳೀಬೇಡ ಮತ್ತೆ," ಎಂದಳು.